ಅಪ್ಪ ವೆಂಟಿಲೇಟರ್‌ನಿಂದ ಬದುಕಿ ಬಂದರು, ಆದರೆ ಲೆಕ್ಕ ತಪ್ಪುತ್ತಿದ್ದಾರೆ. ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ದಾಲ್ ಮಿಲ್ ಮಗ (ಕಲಬುರಗಿ), ಸೋಮವಾರ ರಾತ್ರಿ 10:40

ನಮಸ್ಕಾರ್ರಿ ಎಲ್ಲರಿಗೂ. ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 66 ವರ್ಷ. ಮೂವತ್ತು ವರ್ಷದ ಮೇಲೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆದವರು. ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ. ತೂಕದ ಚೀಟಿ ನೋಡಿ, ಚೀಲದ ತೂಕ ಕಳೆದು, ಹಮಾಲಿ ತೆಗೆದು, ರೈತನಿಗೆ ಇಷ್ಟು ಕೊಡಬೇಕು ಅಂತ ಬಾಯಲ್ಲೇ ಹೇಳುತ್ತಿದ್ದರು. ಮಿಲ್‌ಗೆ ಕಂಪ್ಯೂಟರ್ ಬಂದ ಮೇಲೂ ಅಪ್ಪನ ಬಾಯಿಲೆಕ್ಕದ ಜೊತೆ ಒಂದು ಸಲ ತಾಳೆ ನೋಡದೆ ಚೀಟಿ ಕೊಡುತ್ತಿರಲಿಲ್ಲ.

ಜನವರಿಯಲ್ಲಿ ಜ್ವರ, ಕೆಮ್ಮು ಅಂತ ಶುರುವಾಗಿ ನ್ಯುಮೋನಿಯಾ ಆಯಿತು. ನಾಲ್ಕನೇ ದಿನ ದಮ್ಮು ಹತ್ತಿತು. ಮಾಸ್ಕ್‌ನಲ್ಲಿ ಎಷ್ಟು ಆಕ್ಸಿಜನ್ ಕೊಟ್ಟರೂ ಏರಲಿಲ್ಲ. ರಾತ್ರಿ ಎರಡು ಗಂಟೆಗೆ ನನ್ನ ಸಹಿ ತಗೊಂಡು, ಗಂಟಲಿಗೆ ಪೈಪ್ ಇಳಿಸಿ ವೆಂಟಿಲೇಟರ್ ಹಾಕಿದರು. 11 ದಿನ ಅದರ ಮೇಲಿದ್ದರು. ಈಗ ಮನೆಗೆ ಬಂದು ಎರಡೂವರೆ ತಿಂಗಳು. ನಡೆಯುತ್ತಾರೆ. ಎರಡು ರೊಟ್ಟಿ ತಿನ್ನುತ್ತಾರೆ.

ತಲೆ ಮಾತ್ರ ಮೊದಲಿನಂಗಿಲ್ಲ. ಹೋದ ವಾರ ಕಿರಾಣಿ ಅಂಗಡಿಗೆ ಹೋಗಿದ್ದರು. 340 ರೂಪಾಯಿ ಸಾಮಾನು, 500ರ ನೋಟು ಕೊಟ್ಟಿದ್ದಾರೆ. ಬಹಳ ಹೊತ್ತಾದರೂ ಬರಲಿಲ್ಲ ಅಂತ ನಾನು ಹೋದೆ. ವಾಪಸ್ ಬಂದ ನೋಟುಗಳನ್ನು ಅಂಗೈಯಲ್ಲಿ ಹರಡಿಕೊಂಡು ಅಂಗಡಿ ಕಟ್ಟೆ ಮುಂದೆ ನಿಂತಿದ್ದರು. ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕೇಳಿದರು, "ಎಷ್ಟು ಬರ್ಬೇಕೋ?" ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. ತಾನು ದವಾಖಾನೆಯಲ್ಲಿ ಇರಲೇ ಇಲ್ಲ ಅನ್ನುತ್ತಾರೆ. ಸೊಲ್ಲಾಪುರದ ರೈಲಿನಲ್ಲಿದ್ದೆ, ಯಾರೋ ಕೈ ಕಟ್ಟಿ ಬರ್ತ್‌ಗೆ ಬಿಗಿದಿದ್ದರು, ಗಾಣಗಾಪುರ ರೋಡ್ ಸ್ಟೇಷನ್‌ನಲ್ಲಿ ಒಬ್ಬ ಹೆಣ್ಣುಮಗಳು ನೀರು ಕೊಟ್ಟಳು ಅಂತ ಆಣೆ ಮಾಡಿ ಹೇಳುತ್ತಾರೆ. ರಾತ್ರಿ ನಿದ್ದೆ ಇಲ್ಲ. ಸಿಟ್ಟು ಜಾಸ್ತಿ.

ತಲೆಯ ಸಿಟಿ ಸ್ಕ್ಯಾನ್ ನಾರ್ಮಲ್. ಡಿಸ್ಚಾರ್ಜ್ ಮಾಡುವಾಗ "ವೀಕ್‌ನೆಸ್, ಸರಿಹೋಗುತ್ತೆ" ಅಂದರು. ನೆಂಟರು ಬಂದು "ಮಶೀನ್ ಹಾಕಿದ್ರೆ ಮೆದುಳು ಹೋಗೇ ಹೋಗ್ತದ" ಅಂತ ಹೇಳಿ ಚಹಾ ಕುಡಿದು ಹೋಗುತ್ತಾರೆ. ಸಹಿ ಹಾಕಿದವನು ನಾನು. ತಪ್ಪು ಮಾಡಿದೆನಾ?

ಆಳಂದ ಕಾಕಾ, ಸೋಮವಾರ ರಾತ್ರಿ 11:05

ತಮ್ಮಾ, ನಿಂದೇನು ತಪ್ಪಿಲ್ಲ. ಆದರೆ ನಾನು ನೇರ ಮಾತಿನವನು. ವೆಂಟಿಲೇಟರ್ ಅಂದ್ರೆ ಬಿಲ್ ಮಾಡೋ ಮಶೀನ್. ನಮ್ಮ ಓಣಿಯಿಂದ ಇಬ್ಬರು ಹೋದರು, ಇಬ್ಬರೂ ವಾಪಸ್ ಬರಲಿಲ್ಲ. ನಿಮ್ಮಪ್ಪ ಬಂದಿದ್ದೇ ದೊಡ್ಡದು. ಲೆಕ್ಕ ನೀನು ಮಾಡು.

ರಾತ್ರಿ ಪಾಳಿ (ಕಲಬುರಗಿ), ಮಂಗಳವಾರ ಬೆಳಿಗ್ಗೆ 8:20

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ಒಂಬತ್ತು ವರ್ಷದಿಂದ ಐಸಿಯು ನರ್ಸ್ ಆಗಿದ್ದೇನೆ. ಯಾವ ದವಾಖಾನೆ ಅಂತ ಕೇಳಬೇಡಿ.

ಕಾಕಾ, ನಿಮ್ಮ ಸಿಟ್ಟು ಗೊತ್ತಾಗುತ್ತದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಅಂತ ಸುದ್ದಿ ಬಂದಿದ್ದು ನಮ್ಮ ಕಲಬುರಗಿಯಿಂದಲೇ. ಆಗಿನಿಂದ ಈ ಭಾಗದಲ್ಲಿ ವೆಂಟಿಲೇಟರ್ ಅಂದರೆ ಮುಗೀತು ಅನ್ನೋ ಲೆಕ್ಕ. ಆದರೆ ವಾರಕ್ಕೆ ಎಷ್ಟೋ ಜನರಿಗೆ ನಾವು ಪೈಪ್ ತೆಗೆದು ವಾರ್ಡ್‌ಗೆ ಕಳಿಸುತ್ತೇವೆ. ಅವರ ಸುದ್ದಿ ಓಣಿಯಲ್ಲಿ ಓಡಾಡುವುದಿಲ್ಲ, ಅಷ್ಟೇ.

ದಾಲ್ ಮಿಲ್ ತಮ್ಮಾ, ನಿಮ್ಮಪ್ಪನ ರೈಲು ಸುಳ್ಳಲ್ಲ. ಅದಕ್ಕೆ ಡಿಲೀರಿಯಂ ಅಂತ ಹೆಸರು. ಕಾಯಿಲೆ, ನಿದ್ದೆ ಇಂಜೆಕ್ಷನ್, ನಿದ್ದೆಗೇಡು ಎಲ್ಲಾ ಸೇರಿ ಮೆದುಳು ಕೆಲವು ದಿನ ಗೊಂದಲಕ್ಕೆ ಬೀಳುತ್ತದೆ. ಕಿವಿಗೆ ಬಿದ್ದ ಸದ್ದು, ಮೈಗೆ ತಾಗಿದ್ದು, ಎಲ್ಲಾ ಸೇರಿಸಿ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ. ವೆಂಟಿಲೇಟರ್ ಸದ್ದು ಕೇಳಿದ್ದೀರಾ? ಒಂದೇ ತಾಳದಲ್ಲಿ ಸುಂಯ್, ಟಕ್, ಸುಂಯ್, ಟಕ್. ಕಣ್ಣು ಮುಚ್ಚಿಕೊಂಡು ಕೇಳಿದರೆ ನನಗೂ ರೈಲೇ. ನಡುನಡುವೆ ಮಾನಿಟರ್ ಗಂಟೆ. ಮಂಚಕ್ಕೆ ಎರಡೂ ಕಡೆ ಕಬ್ಬಿಣದ ಕಂಬಿ.

ಕೈ ಕಟ್ಟಿದ್ದು ಮಾತ್ರ ನಿಜ. ಬ್ಯಾಂಡೇಜ್ ಬಟ್ಟೆಯಿಂದ ಮಣಿಕಟ್ಟು ಕಟ್ಟುತ್ತೇವೆ. ಎಚ್ಚರ ಆದ ತಕ್ಷಣ ಎಲ್ಲರ ಕೈ ಮೊದಲು ಹೋಗುವುದು ಪೈಪ್‌ಗೆ. ಕಿತ್ತರೆ ಜೀವಕ್ಕೇ ಬರುತ್ತದೆ. ಒಬ್ಬ ನರ್ಸ್‌ಗೆ ಒಬ್ಬರೇ ರೋಗಿ ಇದ್ದರೆ ಕೈ ಹಿಡಿದು ಕೂರಬಹುದು. ನನಗೆ ಕೆಲವು ರಾತ್ರಿ ನಾಲ್ಕು ಜನ. ನಾನೂ ಕಟ್ಟಿದ್ದೇನೆ. ಸುಳ್ಳು ಹೇಳಲ್ಲ.

ಡಿಲೀರಿಯಂ ಇದೆಯಾ ಅಂತ ನೋಡಲು ಕ್ಯಾಮ್-ಐಸಿಯು ಅನ್ನೋ ಪರೀಕ್ಷೆ ಇದೆ. 2001ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಪೈಪ್ ಇರುವವರು ಮಾತಾಡಲಾರರು ಅಲ್ವಾ, ಅದಕ್ಕೆ ಕೈ ಹಿಡಿದು ಹತ್ತು ಅಕ್ಷರ ನಿಧಾನವಾಗಿ ಹೇಳುತ್ತೇವೆ. ನಾನು ಇಂಗ್ಲಿಷ್ ಬಾರದವರಿಗೆ "ಅ ಬಂದಾಗ ಮಾತ್ರ ಕೈ ಒತ್ರಿ" ಅನ್ನುತ್ತೇನೆ. ಆಮೇಲೆ ತಲೆಯಾಡಿಸುವ ಪ್ರಶ್ನೆ. ಕಲ್ಲು ನೀರಿನ ಮೇಲೆ ತೇಲುತ್ತದಾ? ಸಮುದ್ರದಲ್ಲಿ ಮೀನು ಇರ್ತಾವಾ? ಸುತ್ತಿಗೆಯಿಂದ ಮೊಳೆ ಹೊಡೀಬಹುದಾ? ಜೇವರ್ಗಿ ಕಡೆಯ ಒಬ್ಬ ಮುತ್ಯಾ ಕಲ್ಲು ತೇಲುತ್ತದೆ ಅಂತ ಮೂರು ದಿನ ತಲೆಯಾಡಿಸಿದರು. ನಾಲ್ಕನೇ ದಿನ ಅದೇ ಪ್ರಶ್ನೆ ಕೇಳಿದರೆ, ಇವಳಿಗೇನು ಹುಚ್ಚು ಹಿಡಿದಿದೆಯಾ ಅನ್ನೋ ಹಾಗೆ ನನ್ನನ್ನು ನೋಡಿದರು. ಅವತ್ತು ಇಡೀ ಪಾಳಿ ಖುಷಿಯಾಗಿದ್ದೆ.

ಲೆಕ್ಕದ ವಿಷಯ ಡಾಕ್ಟರ್ ಯಾರಾದರೂ ಹೇಳಲಿ. ನಾನು ಮಲಗುತ್ತೇನೆ.

ಹಳೇ ಸ್ಟೆತೊ, ಮಂಗಳವಾರ ಮಧ್ಯಾಹ್ನ 2:15

ನಾನು ಅರಿವಳಿಕೆ ವೈದ್ಯ. ಈಗ ನಿವೃತ್ತಿ. ಆಪರೇಷನ್ ಥಿಯೇಟರ್ ಮತ್ತು ಐಸಿಯುನಲ್ಲೇ ಕೂದಲು ಬೆಳ್ಳಗಾಯಿತು.

ಮೊದಲು ಸಹಿಯ ಮಾತು. ಆಕ್ಸಿಜನ್ ಇಳಿಯುತ್ತಾ ಹೋದರೆ ಮೆದುಳಿಗೆ ನಿಮಿಷಗಳ ಲೆಕ್ಕ. ಅವತ್ತು ಸಹಿ ಹಾಕದಿದ್ದರೆ ಇವತ್ತು 340ರ ಲೆಕ್ಕ ಕೇಳಲು ನಿಮ್ಮಪ್ಪ ಇರುತ್ತಿರಲಿಲ್ಲ. ಅದನ್ನು ತಲೆಯಿಂದ ತೆಗೆದುಹಾಕಿ.

ಕಾಕಾ ಅವರಿಗೆ ಒಂದು ಹಳೆಯ ಸಂಗತಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಎದ್ದಿತು. ಉಸಿರಾಟದ ಸ್ನಾಯು ನಿಂತ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಬಿಯಾರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯ ಗಂಟಲಲ್ಲಿ ತೂತು ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ತುಂಬಿಸಿದ. ಅಷ್ಟು ಮಶೀನ್ ಎಲ್ಲಿತ್ತು? ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಕೈಯಲ್ಲೇ ಚೀಲ ಒತ್ತಿದರು. ಐಸಿಯು ಅನ್ನೋದು ಹುಟ್ಟಿದ್ದೇ ಅಲ್ಲಿಂದ. ಆ ಮಕ್ಕಳು ಎಚ್ಚರವಾಗಿ, ಮೇಲೆ ನೋಡುತ್ತಾ ಮಲಗಿರುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ. ಮಶೀನ್ ಇದ್ದರೆ ರೋಗಿ ದಿನವಿಡೀ ಗಾಢ ನಿದ್ದೆಯಲ್ಲಿರಲೇಬೇಕು ಅನ್ನೋ ರೂಢಿ ಆಮೇಲೆ ಬಂದಿದ್ದು.

ಈಗ ಲೆಕ್ಕ ತಪ್ಪುವ ವಿಷಯ. ಇದು ಬರೀ ವೀಕ್‌ನೆಸ್ ಅಲ್ಲ, ಗುರುತಿಸಿದ ತೊಂದರೆ. 2013ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ದೊಡ್ಡ ಅಧ್ಯಯನ ಪ್ರಕಟಿಸಿದರು. ಉಸಿರಾಟ ಸೋತು ಅಥವಾ ಬಿಪಿ ಕುಸಿದು ಐಸಿಯು ಸೇರಿದ 821 ಜನ. ಅವರಲ್ಲಿ 74% ಜನರಿಗೆ ಡಿಲೀರಿಯಂ ಆಗಿತ್ತು. ಬದುಕಿ ಹೋದವರನ್ನು ಮೂರು ತಿಂಗಳ ನಂತರ ಕರೆದು ನೆನಪು, ಗಮನ, ಯೋಜನೆ ಮಾಡುವ ಶಕ್ತಿ ಪರೀಕ್ಷಿಸಿದರು. 40% ಜನರ ಅಂಕ ತಲೆಗೆ ಮಧ್ಯಮ ತೀವ್ರತೆಯ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. 26% ಜನರದ್ದು ಆರಂಭದ ಅಲ್ಝೈಮರ್ ಇರುವವರ ಮಟ್ಟದಲ್ಲಿತ್ತು. ಒಂದು ವರ್ಷದ ನಂತರವೂ 34% ಮತ್ತು 24%. ಮುದುಕರಿಗೆ ಮಾತ್ರ ಅಂದುಕೊಳ್ಳಬೇಡಿ, ಪ್ರಾಯದವರೂ ಇದ್ದರು. ಡಿಲೀರಿಯಂ ಎಷ್ಟು ದಿನ ಎಳೆಯಿತೋ ಆಮೇಲಿನ ಅಂಕ ಅಷ್ಟು ಕೆಳಗೆ.

ಇವರಲ್ಲಿ ಬಹಳ ಜನರಿಗೆ ಅಲ್ಝೈಮರ್ ಇರಲಿಲ್ಲ. ಅಂಕದ ಮಟ್ಟ ಒಂದೇ, ಕಾಯಿಲೆ ಒಂದೇ ಅಲ್ಲ. ಹೆದರಬೇಡಿ.

ಸ್ಕ್ಯಾನ್ ನಾರ್ಮಲ್ ಬಂದಿದ್ದು ಒಳ್ಳೆಯದು. ರಕ್ತಸ್ರಾವ ಇಲ್ಲ, ದೊಡ್ಡ ಸ್ಟ್ರೋಕ್ ಇಲ್ಲ ಅಂತ ಅದು ಹೇಳುತ್ತದೆ. ಮನೆಯ ಕರೆಂಟ್ ವೈರಿಂಗ್ ಸರಿ ಇದೆಯಾ ಅಂತ ಗೋಡೆಯ ಫೋಟೊ ನೋಡಿದರೆ ಹೇಗೆ ಗೊತ್ತಾಗಬೇಕು? ಹಾಗೆಯೇ ಇದೂ.

ದಾಲ್ ಮಿಲ್ ಮಗ, ಮಂಗಳವಾರ ರಾತ್ರಿ 9:30

ಸರ್, ಅಕ್ಕಾ, ಕೈ ಮುಗಿಯುತ್ತೇನೆ. ಇದಕ್ಕೆ ಹೆಸರೊಂದು ಇದೆ ಅಂತ ಗೊತ್ತಾಗಿದ್ದೇ ಅರ್ಧ ಭಾರ ಇಳಿಯಿತು.

ಒಂದು ಕೇಳಲಾ? ಹಾಗಾದರೆ ಕೆಡಿಸಿದ್ದು ಯಾವುದು? ಕಾಯಿಲೆನಾ, ನಿದ್ದೆ ಔಷಧಿನಾ, ಮಶೀನಾ?

ಹಳೇ ಸ್ಟೆತೊ, ಮಂಗಳವಾರ ರಾತ್ರಿ 10:10

ಮೂರೂ. ಯಾವುದರ ಪಾಲು ಎಷ್ಟು ಅಂತ ಒಬ್ಬ ರೋಗಿಯಲ್ಲಿ ಬಿಡಿಸಿ ಹೇಳಲು ಬರುವುದಿಲ್ಲ.

ಕಾಯಿಲೆಯ ಪಾಲು ದೊಡ್ಡದು. ಆಕ್ಸಿಜನ್ ಕಡಿಮೆ ಇದ್ದ ಗಂಟೆಗಳು, ಸೋಂಕಿನ ಉರಿಯೂತ, ಬಿಪಿ ಏರಿಳಿತ. ನಿದ್ದೆ ಔಷಧಿಯಲ್ಲಿ ಮಿಡಜೋಲಂ, ಲೋರಜೆಪಾಂ ಗುಂಪಿನವು ಡಿಲೀರಿಯಂ ಹೆಚ್ಚಿಸುತ್ತವೆ ಅಂತ ಸಾಕಷ್ಟು ಆಧಾರ ಇದೆ. ಈಗ ಡೆಕ್ಸ್‌ಮೆಡಿಟೊಮಿಡಿನ್, ಪ್ರೊಪೊಫಾಲ್ ಕಡೆ ಒಲವು.

ಮಶೀನ್ ಹೇಗೆ? ರಕ್ತದ ಇಂಗಾಲದ ಡೈಆಕ್ಸೈಡ್ ಅನ್ನೋದು ಮೆದುಳಿನ ರಕ್ತನಾಳಕ್ಕೆ ನಲ್ಲಿಯ ತಿರುಪು ಇದ್ದ ಹಾಗೆ. ಅದರ ಒತ್ತಡ 35ರಿಂದ 45 (ಮಿ.ಮೀ. ಪಾದರಸ) ಇರಬೇಕು. ಮಶೀನ್ ಜಾಸ್ತಿ ಉಸಿರಾಡಿಸಿ ಅದನ್ನು ಇಳಿಸಿಬಿಟ್ಟರೆ ನಾಳ ಕುಗ್ಗುತ್ತವೆ. ಒಂದು ಅಂಕ ಇಳಿದರೆ ಮೆದುಳಿನ ರಕ್ತ ಸುಮಾರು 3% ಕಡಿಮೆ. ಎದೆಯೊಳಗಿನ ಒತ್ತಡ ಬಹಳ ಏರಿಸಿದರೆ ತಲೆಯಿಂದ ಇಳಿಯುವ ರಕ್ತಕ್ಕೆ ತಡೆ. ಮಂಚದ ತಲೆಭಾಗ ಏರಿಸಿ ಮಲಗಿಸುವುದಕ್ಕೆ ಇದೂ ಒಂದು ಕಾರಣ. ಇವೆಲ್ಲ ನೋಡಿಕೊಂಡು ನಡೆಸಬಹುದಾದ ಸಂಗತಿಗಳು, ಅದಕ್ಕೇ ಪದೇ ಪದೇ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆ, ಮಾಡುವುದು.

ಇಲಿ ಲ್ಯಾಬ್, ಮಂಗಳವಾರ ರಾತ್ರಿ 11:50

ನಮ್ಮೂರು ಚಿತ್ತಾಪುರ. ಈಗ ಬೇರೆ ಊರಲ್ಲಿ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಧ್ಯೆ ಬಾಯಿ ಹಾಕಲಾ?

ಮಶೀನ್ ಒಂದೇ ಏನಾದರೂ ಮಾಡುತ್ತದಾ ಅನ್ನೋದಕ್ಕೆ ಆರೋಗ್ಯವಂತ ಪ್ರಾಣಿಗಳಲ್ಲಿ ನೋಡಬೇಕು, ಯಾಕೆಂದರೆ ಅವಕ್ಕೆ ನ್ಯುಮೋನಿಯಾ ಇರುವುದಿಲ್ಲ. 2013ರಲ್ಲಿ ಸ್ಪೇನ್‌ನ ಸಂಶೋಧಕರು ಇಲಿಗಳನ್ನು ವೆಂಟಿಲೇಟರ್‌ಗೆ ಹಾಕಿ ನೋಡಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಜೀವಕೋಶಗಳು ಸಾಯತೊಡಗಿದ್ದವು. ದಾರಿಯೂ ಸಿಕ್ಕಿತು. ಶ್ವಾಸಕೋಶ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ಮೆದುಳಿಗೆ ಒಯ್ಯುತ್ತದೆ, ಅಲ್ಲಿ ಡೋಪಮೈನ್ ಏರುತ್ತದೆ, ಅದು ಜೀವಕೋಶ ಸಾಯುವ ಕ್ರಿಯೆಗೆ ಚಾಲನೆ ಕೊಡುತ್ತದೆ. ಆ ನರ ಕತ್ತರಿಸಿದಾಗ ಹಾನಿ ಕಡಿಮೆಯಾಯಿತು.

2021ರಲ್ಲಿ ಇನ್ನೆರಡು ಬಂದವು. ಒಂದರಲ್ಲಿ ಉರಿಯೂತದ ಐಎಲ್-6 ಅನ್ನೋ ಅಂಶವನ್ನು ತಡೆದಾಗ ಇಲಿಗಳ ನರಕೋಶಕ್ಕೆ ಹಾನಿ ಕಡಿಮೆಯಾಯಿತು. ಇನ್ನೊಂದು ಕೆನಡಾದ್ದು, ನನಗೆ ಬಹಳ ಇಷ್ಟ. ಹಂದಿಗಳನ್ನು 50 ಗಂಟೆ ವೆಂಟಿಲೇಟರ್ ಮೇಲಿಟ್ಟರು. ಕೆಲವಕ್ಕೆ ವಪೆಯನ್ನು, ಅಂದರೆ ಹೊಟ್ಟೆ-ಎದೆ ನಡುವಿನ ಉಸಿರಾಟದ ಸ್ನಾಯುವನ್ನು, ಸಣ್ಣ ಕರೆಂಟ್ ಕೊಟ್ಟು ಆಡಿಸುತ್ತಿದ್ದರು. ಆ ಹಂದಿಗಳ ಹಿಪೊಕ್ಯಾಂಪಸ್‌ನಲ್ಲಿ ಹಾನಿ ಕಡಿಮೆ ಇತ್ತು. ಅಂದರೆ ಉಸಿರಾಟದ ಕೆಲಸವನ್ನು ದೇಹ ತಾನೇ ಸ್ವಲ್ಪ ಮಾಡುತ್ತಿದ್ದರೆ ಮೆದುಳಿಗೂ ಒಳ್ಳೆಯದು ಇರಬಹುದು.

ಹಳೇ ಸ್ಟೆತೊ, ಬುಧವಾರ ಬೆಳಿಗ್ಗೆ 7:00

ಚೆನ್ನಾಗಿ ಹೇಳಿದೆಯಮ್ಮಾ ಅಥವಾ ಹೇಳಿದೆಯಪ್ಪಾ, ಯಾರೋ ಗೊತ್ತಿಲ್ಲ. ಆದರೆ ಇಲಿ, ಹಂದಿಯಿಂದ ಮನುಷ್ಯನಿಗೆ ಜಿಗಿಯುವಾಗ ಹುಷಾರು. ನೆಂಟರು ಇದನ್ನೇ ಓದಿ "ನೋಡು, ಮಶೀನೇ ಸಾಯಿಸ್ತದ" ಅನ್ನುತ್ತಾರೆ.

ಮಶೀನ್ ನಡೆಸುವ ರೀತಿ ಬದಲಾದರೆ ಎಷ್ಟು ಫರಕು ಅಂತ ಮನುಷ್ಯರಲ್ಲೇ ತೋರಿಸಿದ್ದಾರೆ. 2000ದಲ್ಲಿ ಅಮೆರಿಕದಲ್ಲಿ 861 ಜನರ ಮೇಲೆ ಅಧ್ಯಯನ ನಡೆಯಿತು. ಶ್ವಾಸಕೋಶ ತೀರಾ ಕೆಟ್ಟವರಿಗೆ ಒಂದು ಉಸಿರಿಗೆ ಕಿಲೋಗೆ 12 ಮಿಲಿ ಗಾಳಿ ಬದಲು 6 ಮಿಲಿ ಕೊಟ್ಟರು. ಸಾವು 39.8%ರಿಂದ 31%ಕ್ಕೆ ಇಳಿಯಿತು. ಆ ಕಿಲೋ ಕೂಡ ಮೈತೂಕ ಅಲ್ಲ, ಎತ್ತರ ನೋಡಿ ಲೆಕ್ಕ ಹಾಕಿದ ತೂಕ. ದಪ್ಪ ಇದ್ದವರಿಗೆ ಶ್ವಾಸಕೋಶ ದೊಡ್ಡದಿರುತ್ತದಾ? ಇಲ್ಲ. ಈ ಸಣ್ಣ ಮಾತು ತಿಳಿಯಲು ನಮಗೆ ಎಷ್ಟು ವರ್ಷ ಹಿಡಿಯಿತು ನೋಡಿ. ನಾನೂ ಹಳೇ ಕಾಲದಲ್ಲಿ 10, 12 ಕೊಟ್ಟವನೇ.

ಬೀದರ್ ಮಾಸ್ತರ, ಬುಧವಾರ ಸಂಜೆ 6:45

ಎಲ್ಲರೂ ಹೊರಗಿನಿಂದ ಹೇಳುತ್ತಿದ್ದೀರಿ. ನಾನು ಒಳಗಿದ್ದವನು. 2020ರ ಆಗಸ್ಟ್‌ನಲ್ಲಿ ಎಂಟು ದಿನ ಪೈಪ್ ಇತ್ತು. ಆಗ ನನಗೆ 47. ಹೈಸ್ಕೂಲ್‌ನಲ್ಲಿ ಗಣಿತ ಹೇಳುತ್ತೇನೆ.

ನನ್ನ ಕಥೆಯಲ್ಲಿ ರೈಲಿಲ್ಲ, ಬಾವಿ. ನಾನು ಬಾವಿ ತಳದಲ್ಲಿ ಅಂಗಾತ ಮಲಗಿದ್ದೇನೆ. ಮೇಲೆ ದುಂಡನೆ ಬೆಳಕು. ಅಂಚಿನಲ್ಲಿ ಬಿಳಿ ಬಟ್ಟೆಯ ಜನ ಬಗ್ಗಿ ನೋಡುತ್ತಾರೆ, ಮುಖ ಇಲ್ಲ. ಆಮೇಲೆ ಗೊತ್ತಾಯಿತು, ಅವರು ಪಿಪಿಇ ಹಾಕಿದ್ದ ನರ್ಸ್‌ಗಳು. ನನಗೆ ಮಾತ್ರ ಅವರು ನನ್ನನ್ನು ಹೂಳಲು ಬಂದವರು. ಒಬ್ಬರು ಬಗ್ಗಿ ಏನೋ ಹೇಳಿದರೆ ಕಿರುಚಲು ನೋಡಿದೆ, ದನಿ ಇಲ್ಲ. ಪೈಪ್ ದನಿತಂತುಗಳ ನಡುವೆ ಹೋಗಿರುತ್ತದೆ, ದನಿ ಬರುವುದಿಲ್ಲ ಅಂತ ನನಗೆ ಯಾರು ಹೇಳಬೇಕು? ನಾಲಗೆ ಕತ್ತರಿಸಿದ್ದಾರೆ ಅಂದುಕೊಂಡೆ.

ಮನೆಗೆ ಬಂದ ಮೇಲೆ ಇದನ್ನು ಯಾರಿಗೂ ಹೇಳಲಿಲ್ಲ. ಹುಚ್ಚ ಅಂದರೆ? ಹೆಂಡತಿಗೆ ಹೇಳಿದ್ದು ಏಳು ತಿಂಗಳ ಮೇಲೆ. ಅದೂ ಹೊಲದಲ್ಲಿ ಬಾವಿ ಹತ್ತಿರ ಹೋಗಲು ಒಲ್ಲೆ ಅಂದಾಗ ಅವಳೇ ಕೇಳಿದಳು.

ಗಣಿತದ ಸ್ಥಿತಿ ಕೇಳಿ. ಶಾಲೆ ಮತ್ತೆ ಶುರುವಾದಾಗ ಬೋರ್ಡ್ ಮೇಲೆ ವರ್ಗ ಸಮೀಕರಣ ಬರೆಯುತ್ತಿದ್ದೆ. ನಡುವೆ ಒಬ್ಬ ಹುಡುಗ "ಸರ್, ನೀರು ಕುಡಿದು ಬರ್ತೀನಿ" ಅಂದ. ಹ್ಞೂಂ ಅಂದೆ. ತಿರುಗಿ ಬೋರ್ಡ್ ನೋಡಿದರೆ ನಾನೇ ಬರೆದ ಸಾಲು ಯಾರೋ ಬರೆದಿಟ್ಟು ಹೋದ ಹಾಗಿತ್ತು. ಎಲ್ಲಿದ್ದೆ, ಮುಂದೆ ಏನು, ಗೊತ್ತಿಲ್ಲ. ಸೂತ್ರ ಮರೆತಿರಲಿಲ್ಲ, ಬಾಯಿಪಾಠ ಹೇಳುತ್ತಿದ್ದೆ. ಎಳೆ ಹಿಡಿದು ನಡೆಯಲು ಆಗುತ್ತಿರಲಿಲ್ಲ. ದಾಲ್ ಮಿಲ್ ತಮ್ಮಾ, ನಿಮ್ಮಪ್ಪನದ್ದೂ ಇದೇ ಇರಬೇಕು. ಕೂಡುವುದು ಕಳೆಯುವುದು ಮರೆತಿಲ್ಲ. ಮೂರು ಸಂಖ್ಯೆಯನ್ನು ತಲೆಯಲ್ಲಿ ಒಟ್ಟಿಗೆ ಹಿಡಿದುಕೊಳ್ಳಲು ಆಗುತ್ತಿಲ್ಲ.

ನಾನು ಮಾಡಿದ್ದು ಏನಂದರೆ, ಐದನೇ ಕ್ಲಾಸಿನ ಪುಸ್ತಕ ತೆಗೆದುಕೊಂಡು ಕೂತೆ. ನಾಚಿಕೆ ಬಿಟ್ಟು. ಬಾಗಿಲು ಹಾಕಿ, ಟಿವಿ ಆರಿಸಿ, ಬೆಳಿಗ್ಗೆ ಅರ್ಧ ಗಂಟೆ. ಎಲ್ಲಾ ಹಂತ ಕಾಗದದ ಮೇಲೆ ಬರೆಯುತ್ತಿದ್ದೆ. ಒಂದೂವರೆ ವರ್ಷ ಹಿಡಿಯಿತು ಮೊದಲಿನ ಹತ್ತಿರ ಬರಲು. ಪೂರ್ತಿ ಬಂತಾ? ಈಗಲೂ ಗದ್ದಲ ಇದ್ದರೆ ಎಳೆ ತಪ್ಪುತ್ತದೆ. ಕ್ಲಾಸ್‌ನಲ್ಲಿ ಗದ್ದಲ ಇಲ್ಲದೆ ಇರುತ್ತದಾ ಹೇಳಿ!

ಯಾದಗಿರಿ ವೈನಿ, ಬುಧವಾರ ರಾತ್ರಿ 9:05

ಮಾಸ್ತರ ಓದಿ ಕಣ್ಣಲ್ಲಿ ನೀರು ಬಂತು.

ನಮ್ಮತ್ತಿಯದ್ದು ಉಲ್ಟಾ. ರೈಲೂ ಇಲ್ಲ, ಬಾವಿಯೂ ಇಲ್ಲ. ಸುಮ್ನೆ ಮಲಗಿರುತ್ತಿದ್ದರು. ಪೈಪ್ ತೆಗೆದ ಮೇಲೂ ಚಾವಣಿ ನೋಡುತ್ತಾ ಇರುತ್ತಿದ್ದರು. ಕರೆದರೆ ನಿಧಾನಕ್ಕೆ ತಿರುಗಿ ನೋಡಿ ಮತ್ತೆ ಆ ಕಡೆ. ಅಲ್ಲಿದ್ದವರು "ಅಜ್ಜಿ ಬಹಳ ಶಾಂತ, ತೊಂದರೇನೇ ಕೊಡಲ್ಲ" ಅಂದರು. ನಮಗೂ ಖುಷಿ. ಪಕ್ಕದ ಮಂಚದವರು ಒದ್ದಾಡುತ್ತಿದ್ದರು, ಎಲ್ಲರೂ ಅಲ್ಲೇ ಓಡುತ್ತಿದ್ದರು.

ಹೈದರಾಬಾದ್‌ನಲ್ಲಿರುವ ನಮ್ಮ ಮೈದುನನ ಗೆಳೆಯ ಒಬ್ಬ ಡಾಕ್ಟರ್ ನೋಡಲು ಬಂದವರು ಹೇಳಿದರು, ಇದೂ ಡಿಲೀರಿಯಮ್ಮೇ, ಸದ್ದಿಲ್ಲದ್ದು ಅಂತ. ಆಮೇಲೆ ನೆನಪಾಯಿತು, ಅತ್ತಿಯ ಕನ್ನಡಕ ಮತ್ತು ಕಿವಿ ಮಶೀನ್ ಎರಡೂ ನನ್ನ ಬ್ಯಾಗ್‌ನಲ್ಲೇ ಇದ್ದವು! ಕಳೆದುಹೋಗುತ್ತವೆ ಅಂತ ಸೇರಿಸಿದ ದಿನವೇ ನಮ್ಮ ಕೈಗೆ ಕೊಟ್ಟಿದ್ದರು. ಹತ್ತು ದಿನ ಅವರಿಗೆ ಕಾಣುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಕನ್ನಡಕ ಹಾಕಿದ ಮೇಲೆ ಮೊದಲು ನನ್ನ ಕೈ ನೋಡಿ "ಬಳಿ ಎಲ್ಲಿ?" ಅಂದರು.

ಆಳಂದ ಕಾಕಾ, ಬುಧವಾರ ರಾತ್ರಿ 9:40

ಬಿಲ್ ಮಾತು ನಾನು ವಾಪಸ್ ತಗೊಳ್ಳಲ್ಲ. ಆದರೆ ನರ್ಸ್ ಅಕ್ಕಾರ, ಒಂದು ಹೇಳ್ರಿ. ನಾಳೆ ನನಗೇ ಆ ಪೈಪ್ ಬಂದರೆ ಮನೆಯವರು ಏನು ಮಾಡಬೇಕು, ಡಾಕ್ಟರನ್ನು ಏನು ಕೇಳಬೇಕು?

ರಾತ್ರಿ ಪಾಳಿ, ಗುರುವಾರ ಮಧ್ಯಾಹ್ನ 3:30

ಕಾಕಾ, ನಿಮಗೆ ಯಾಕೆ ಬರುತ್ತದೆ, ಗಟ್ಟಿ ಇದ್ದೀರಿ.

ಕೇಳಬೇಕಾದ ಮೊದಲ ಮಾತು, "ಇವತ್ತು ನಿದ್ದೆ ಔಷಧಿ ನಿಲ್ಲಿಸಿ ನೋಡಿದಿರಾ?" ದಿನಕ್ಕೊಮ್ಮೆ ನಿಲ್ಲಿಸಿ ಎಚ್ಚರ ಮಾಡುವುದು, ಆಮೇಲೆ ಸ್ವಂತ ಉಸಿರಾಟ ಪರೀಕ್ಷಿಸುವುದು, ಇದು ಈಗ ರೂಢಿ ಆಗಬೇಕಾದದ್ದು. 2000ದಲ್ಲಿ ಷಿಕಾಗೊದಲ್ಲಿ 128 ಜನರಲ್ಲಿ ಹೀಗೆ ಮಾಡಿ ನೋಡಿದರು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು. ವೆಂಟಿಲೇಟರ್ ದಿನಗಳು 7.3ರಿಂದ 4.9ಕ್ಕೆ ಇಳಿದವಂತೆ. ಎಲ್ಲರಿಗೂ ಆಗಲ್ಲ, ತೀರಾ ಸೀರಿಯಸ್ ಇದ್ದರೆ ಬೇಡ ಅನ್ನುತ್ತಾರೆ. ಆದರೆ ಕೇಳುವುದರಲ್ಲಿ ತಪ್ಪಿಲ್ಲ. ಜೋರು ಮಾಡಿ ಕೇಳಬೇಡಿ, ಅಷ್ಟೇ. ಜೋರು ಮಾಡಿದರೆ ನಮಗೂ ತಲೆ ಕೆಡುತ್ತದೆ.

ಒಳಗೆ ಬಿಟ್ಟಾಗ ಅಳಬೇಡಿ, ಮಾತಾಡಿ. "ಅಪ್ಪಾ, ನಾನು ನಿಮ್ಮ ಮಗ. ಇವತ್ತು ಗುರುವಾರ. ಇದು ದವಾಖಾನೆ. ಬಾಯಲ್ಲಿ ಪೈಪ್ ಇದೆ, ಅದಕ್ಕೆ ಮಾತು ಬರ್ತಿಲ್ಲ, ತೆಗೆದ ಮೇಲೆ ಬರ್ತದ." ಮಾಸ್ತರಿಗೆ ಯಾರಾದರೂ ಇಷ್ಟು ಹೇಳಿದ್ದರೆ ನಾಲಗೆ ಕತ್ತರಿಸಿದರು ಅಂದುಕೊಳ್ಳುತ್ತಿರಲಿಲ್ಲ. ಪಿಪಿಇ ಒಳಗೆ ನಾವು ಹೇಳಿದ್ದು ನಮಗೇ ಕೇಳುತ್ತಿರಲಿಲ್ಲ, ಅದೂ ನಿಜ. ಬರುವಾಗ ಕನ್ನಡಕ, ಕಿವಿ ಮಶೀನ್ ತನ್ನಿ. ಕಳೆಯದ ಹಾಗೆ ಹೆಸರು ಬರೆದ ಡಬ್ಬಿಯಲ್ಲಿಟ್ಟು ಕೊಡಿ. ಮನೆಯಲ್ಲಿ ದಿನಾ ಎಷ್ಟು ಗಂಟೆಗೆ ಮಲಗುತ್ತಾರೆ, ಎಲೆ-ಅಡಿಕೆ, ತಂಬಾಕು, ಕುಡಿತ ಏನಾದರೂ ಇದೆಯಾ, ಮುಚ್ಚಿಡದೆ ಹೇಳಿ. ಕುಡಿತ ತಟ್ಟನೆ ನಿಂತರೂ ಬಡಬಡಿಸುತ್ತಾರೆ, ಅದರ ಔಷಧಿಯೇ ಬೇರೆ.

ಇನ್ನು "ಬಡಬಡಿಸ್ತಾರೆ, ಏನಾದ್ರೂ ಇಂಜೆಕ್ಷನ್ ಕೊಡ್ರಿ" ಅಂತ ಮನೆಯವರೇ ನಮ್ಮ ಹಿಂದೆ ಬೀಳುತ್ತಾರೆ. ಅದಕ್ಕೆ ಕೊಡುವ ಹಾಲೊಪೆರಿಡಾಲ್ ಅನ್ನೋ ಔಷಧಿ ಕೊಟ್ಟರೆ ಡಿಲೀರಿಯಂ ಬೇಗ ಹೋಗುತ್ತದಾ ಅಂತ 2018ರಲ್ಲಿ ದೊಡ್ಡ ಅಧ್ಯಯನ ಆಯಿತು. ಹೋಗಲಿಲ್ಲ. ಎಬ್ಬಿಸಿ ಕೂರಿಸುವುದು, ಕಾಲು ಆಡಿಸುವುದು, ಹಗಲು ಬೆಳಕು, ರಾತ್ರಿ ಕತ್ತಲೆ, ಇವೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ಪೈಪ್ ಇರುವಾಗಲೇ ಮಂಚದ ಅಂಚಿನಲ್ಲಿ ಕೂರಿಸುತ್ತೇವೆ ಅಂದರೆ ಜನ ಬೈಯುತ್ತಾರೆ. 2009ರ ಒಂದು ಅಧ್ಯಯನದಲ್ಲಿ ಹಾಗೆ ಬೇಗ ವ್ಯಾಯಾಮ ಮಾಡಿಸಿದವರ ಡಿಲೀರಿಯಂ ನಾಲ್ಕು ದಿನದಿಂದ ಎರಡಕ್ಕೆ ಇಳಿದಿತ್ತು.

ದಾಲ್ ಮಿಲ್ ಮಗ, ಮುಂದಿನ ಶನಿವಾರ ರಾತ್ರಿ 8:50

ಇಲ್ಲಿ ಓದಿದ ಮೇಲೆ ಅಪ್ಪನನ್ನು ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ನೆನಪು, ಗಮನ ನೋಡುವ ಮೋಕಾ ಅನ್ನೋ 30 ಅಂಕದ ಪರೀಕ್ಷೆ, ಕನ್ನಡದಲ್ಲೇ ಇದೆ. ಅಪ್ಪನಿಗೆ 21 ಬಂತು.

ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಅಪ್ಪ ಚೆಂದದ ವೃತ್ತ ಹಾಕಿದರು. ಅಂಕಿ ಹನ್ನೆರಡೂ ಸರಿಯಾಗಿ ಬರೆದರು, ಗುಮಾಸ್ತರ ಅಕ್ಷರ. ಒಂದು ಮುಳ್ಳು 11ಕ್ಕೆ. ಇನ್ನೊಂದು ಮುಳ್ಳು ಎಳೆಯುವಾಗ ಪೆನ್ನು 10ರ ಕಡೆ ಹೋಯಿತು. ಅಲ್ಲಿ ನಿಂತಿತು. ಏನೋ ತಪ್ಪಿದೆ ಅಂತ ಅವರಿಗೇ ಗೊತ್ತಾಗುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ 10ಕ್ಕೇ ಎಳೆದು ಪೆನ್ನು ಕೆಳಗಿಟ್ಟರು. ನಾನು ಕಿಟಕಿ ಕಡೆ ನೋಡಿದೆ.

ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಬರೆದಿದ್ದಾರೆ. ಮೂರು ತಿಂಗಳಿಗೆ ಮತ್ತೆ ಅದೇ ಪರೀಕ್ಷೆ.

ಹಳೇ ಸ್ಟೆತೊ, ಶನಿವಾರ ರಾತ್ರಿ 9:30

ಸರಿಯಾದ ಕಡೆ ಹೋಗಿದ್ದೀರಿ. 26ರ ಕೆಳಗೆ ಅಂದರೆ ಗಮನಿಸಬೇಕು ಅಂತ, ಹಣೆಬರಹ ಅಲ್ಲ. 10ಕ್ಕೆ ಮುಳ್ಳು ಎಳೆದಿದ್ದು ಯೋಜನೆ ಮಾಡುವ ಭಾಗ ಸೋತಿರುವ ಗುರುತು. ಮೊದಲು ಕಂಡದ್ದನ್ನು ಬಿಟ್ಟು ಇನ್ನೊಂದು ಯೋಚಿಸಲು ಅದು ಬೇಕು. ಮಾಸ್ತರು ಹೇಳಿದ ಎಳೆ ಅಂದರೆ ಅದೇ.

ನಿದ್ದೆ ಬರಲ್ಲ ಅಂತ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಸಿಟ್ಟು, ಭಯ, ಕೆಟ್ಟ ಕನಸು ಇದ್ದರೆ ಮನೋವೈದ್ಯರಿಗೂ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಇನ್ನೊಂದು. ಯುರೋಪಿನ ಕೆಲವು ಐಸಿಯುಗಳಲ್ಲಿ ನರ್ಸ್‌ಗಳು, ಮನೆಯವರು ರೋಗಿಯ ಹೆಸರಲ್ಲಿ ದಿನಚರಿ ಬರೆಯುತ್ತಾರೆ. ಇವತ್ತು ಜ್ವರ ಬಂತು, ಇವತ್ತು ಮಗಳು ಬಂದಿದ್ದಳು ಅಂತ. ಎದ್ದ ಮೇಲೆ ಅದನ್ನು ಓದಿಕೊಂಡರೆ ಖಾಲಿ ದಿನಗಳು ತುಂಬುತ್ತವೆ. ನಿಮ್ಮ ಹತ್ತಿರ ಏನಾದರೂ ಇದೆಯಾ?

ದಾಲ್ ಮಿಲ್ ಮಗ, ಭಾನುವಾರ ರಾತ್ರಿ 10:15

ದಿನಚರಿ ಎಲ್ಲಿಂದ ಬರಬೇಕು ಸರ್. ಆದರೆ ಔಷಧಿ ಬಿಲ್‌ಗಳನ್ನು ಅವ್ವ ಅಕ್ಕಿ ಚೀಲದಲ್ಲಿ ಇಟ್ಟಿದ್ದಳು. ಇವತ್ತು ಮಧ್ಯಾಹ್ನ ಅದನ್ನೆಲ್ಲ ತೆಗೆದು ತಾರೀಖಿನ ಪ್ರಕಾರ ಚಾಪೆ ಮೇಲೆ ಜೋಡಿಸಿದೆವು. ಅಪ್ಪ ತಾವೇ ಕೆಳಗೆ ಕೂತು ಜೋಡಿಸಲು ಶುರು ಮಾಡಿದರು. ಚೀಟಿ ಅಂದರೆ ಅವರಿಗೆ ಕೈ ತಡೆಯಲ್ಲ. ಒಂದೊಂದು ದಿನ ಏನಾಯಿತು ಅಂತ ನಾನು ಮತ್ತು ಅವ್ವ ಹೇಳುತ್ತಾ ಹೋದೆವು. ಇದು ಪೈಪ್ ಹಾಕಿದ ರಾತ್ರಿ. ಇದು ಬಿಪಿ ಇಳಿದ ದಿನ. ಇವತ್ತು ಅತ್ತೆ ಬಂದು ಹೊರಗೆ ಕೂತು ಅತ್ತಳು. ಎಂಟನೇ ದಿನ ನಿಮ್ಮ ಕೈ ಕಟ್ಟಿದ್ದರು, ಪೈಪ್ ಕೀಳಲು ಹೋಗಿದ್ದಿರಿ.

ಕೈ ಕಟ್ಟಿದ ಮಾತಿಗೆ ಅಪ್ಪ ತಮ್ಮ ಮಣಿಕಟ್ಟು ಉಜ್ಜಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ರೈಲು ಇರ್ಲಿಲ್ಲ?" ಅಂದರು. ಇರಲಿಲ್ಲ ಅಂದೆ.

"ಮತ್ತ ಗಾಣಗಾಪುರ ರೋಡಿನಾಗ ನೀರು ಕೊಟ್ಟಾಕಿ ಯಾರು?"

ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅಕ್ಕಾ, ನೀವೇ ಹೇಳಬೇಕು.

ರಾತ್ರಿ ಪಾಳಿ, ಸೋಮವಾರ ಬೆಳಿಗ್ಗೆ 8:35

ಪೈಪ್ ಇದ್ದಾಗ ನೀರು ಕುಡಿಸಲ್ಲ ತಮ್ಮಾ, ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿ ತೆರೆದೇ ಇರುತ್ತದಲ್ಲ, ತುಟಿ ಒಣಗಿ ಬಿರಿಯುತ್ತದೆ. ಅದಕ್ಕೆ ಗಾಜ್ ಬಟ್ಟೆ ಒದ್ದೆ ಮಾಡಿ ತುಟಿ, ನಾಲಗೆ ಒರೆಸುತ್ತೇವೆ. ಪಾಳಿಗೆ ಮೂರು ನಾಲ್ಕು ಸಲ. ಯಾರೋ ಒಬ್ಬ ಸಿಸ್ಟರ್.

ದಾಲ್ ಮಿಲ್ ಮಗ, ಸೋಮವಾರ ರಾತ್ರಿ 9:20

ಹೇಳಿದೆ ಅಕ್ಕಾ. "ಅದಕ್ಕs ಅಷ್ಟು ಕಮ್ಮಿ ಕೊಟ್ಟಾಳ" ಅಂದರು.